ಮನೆಯ ಮುಂದಿನ ಬೀದಿಯಲ್ಲಿ ದಾರಿ ಯಾರದು? ಹಂಚಿಕೆಯ ವಸತಿ ಬೀದಿಯ ಸಂಚಾರ ನಿಯಮಗಳು

ಯುರೋಪಿನ ಅನೇಕ ಊರುಗಳಲ್ಲಿ ಮುಖ್ಯರಸ್ತೆಯಿಂದ ವಸತಿ ಬಡಾವಣೆಯೊಳಗೆ ತಿರುಗುವಾಗ ಒಂದು ನೀಲಿ ಫಲಕ ಎದುರಾಗುತ್ತದೆ. ಅದರಲ್ಲಿ ನಿಷೇಧವನ್ನು ಸೂಚಿಸುವ ಕೆಂಪು ವೃತ್ತವಿಲ್ಲ, ವೇಗದ ಅಂಕಿಯೂ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಮನೆ, ಒಂದು ಕಾರು, ದೊಡ್ಡವರೊಬ್ಬರು, ಚೆಂಡಾಡುತ್ತಿರುವ ಒಂದು ಮಗು, ಇಷ್ಟೇ ಚಿತ್ರ. ಮೊದಲ ಸಲ ನೋಡಿದವರು ಇದನ್ನು ‘ಮಕ್ಕಳಿದ್ದಾರೆ, ಎಚ್ಚರಿಕೆ’ ಎಂಬ ಸಾಧಾರಣ ಸೂಚನೆ ಎಂದುಕೊಂಡು ಮುಂದೆ ಸಾಗುತ್ತಾರೆ; ಬೀದಿಯ ನಡುವೆ ಆಡುತ್ತಿರುವ ಮಕ್ಕಳನ್ನು ಕಂಡು ಹಾರ್ನ್ ಹೊಡೆಯುತ್ತಾರೆ; ಮಕ್ಕಳು ಬದಿಗೆ ಸರಿಯದಿದ್ದರೆ ಸಿಟ್ಟಾಗುತ್ತಾರೆ. ಆದರೆ ಆ ಫಲಕವನ್ನು ದಾಟಿದ ಕ್ಷಣದಿಂದ ಕಾನೂನಿನ ಪ್ರಕಾರ ದಾರಿ ಮಕ್ಕಳದಾಗಿರುತ್ತದೆ, ಕಾಯಬೇಕಾದವರು ಚಾಲಕರಾಗಿರುತ್ತಾರೆ.

ಈ ನಿಯಮಗಳು ಹೊಸತಲ್ಲ, ಆದರೆ ಅವುಗಳನ್ನು ತಿಳಿದಿರಬೇಕಾದವರ ಸಂಖ್ಯೆ ಈಚಿನ ವರ್ಷಗಳಲ್ಲಿ ಬಹಳ ಹೆಚ್ಚಿದೆ. ಮೊದಲು ಒಳಬೀದಿಗೆ ಬರುತ್ತಿದ್ದುದು ಅಲ್ಲಿ ವಾಸಿಸುವವರ ವಾಹನಗಳು ಮತ್ತು ಆಗೊಮ್ಮೆ ಈಗೊಮ್ಮೆ ನೆಂಟರ ವಾಹನಗಳು. ಈಗ ಮುಖ್ಯರಸ್ತೆಯಲ್ಲಿ ದಟ್ಟಣೆ ಕಂಡ ಕೂಡಲೇ ಮೊಬೈಲ್‌ನ ಮ್ಯಾಪ್ ಊರನ್ನೇ ಅರಿಯದ ಚಾಲಕರಿಗೂ ಒಳದಾರಿಯನ್ನು ತೋರಿಸುತ್ತದೆ. ಮನೆ ಬಾಗಿಲಿಗೆ ಸಾಮಾನು ತಲುಪಿಸುವ ವಾಹನಗಳು ದಿನಕ್ಕೆ ಹಲವು ಬಾರಿ ಒಂದೇ ಬೀದಿಯನ್ನು ಸುತ್ತುತ್ತವೆ. ವಿದ್ಯುತ್ ವಾಹನಗಳು ನಿಧಾನವಾಗಿ ಚಲಿಸುವಾಗ ಹಿಂದಿನಿಂದ ಬಂದದ್ದೇ ತಿಳಿಯದಷ್ಟು ಸದ್ದಿಲ್ಲದೆ ಬರುತ್ತವೆ. ಹೀಗಾಗಿ ಒಂದೇ ನೆಲವನ್ನು ನಡೆಯುವವರೂ ವಾಹನಗಳೂ ಬಳಸಬೇಕಾದಾಗ ಯಾರು ಯಾರಿಗೆ ದಾರಿ ಬಿಡಬೇಕು, ಎಷ್ಟು ವೇಗ ಸಲ್ಲುತ್ತದೆ, ಈ ನಿಯಮಗಳ ಹಿಂದಿನ ಕಾರಣವೇನು ಎಂಬುದನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

## ಹಂಚಿಕೆಯ ಬೀದಿ ಎಂದರೆ ಯಾವುದು

ಸಾಮಾನ್ಯ ರಸ್ತೆಯೊಂದು ಉದ್ದಕ್ಕೆ ಸೀಳಿದ ಹಾಗಿರುತ್ತದೆ. ನಡುವೆ ವಾಹನಗಳ ಪಾಲು, ಎರಡು ಅಂಚುಗಳಲ್ಲಿ ಎತ್ತರಿಸಿದ ಕಾಲುದಾರಿ, ಅವೆರಡರ ನಡುವಿನ ಗಡಿಯಾಗಿ ಅಂಚುಕಲ್ಲು. ನಡೆಯುವವರು ತಮ್ಮ ಪಾಲಿನಲ್ಲಿ ಇರುವವರೆಗೆ ಸುರಕ್ಷಿತರು; ವಾಹನಗಳ ಪಾಲಿಗೆ ಇಳಿಯಬೇಕಾದರೆ ನಿಗದಿತ ಜಾಗದಲ್ಲಿ, ನೋಡಿಕೊಂಡು ದಾಟಬೇಕು. ಈ ವ್ಯವಸ್ಥೆಯ ತಳಹದಿ ಬೇರ್ಪಡಿಸುವಿಕೆ.

ಹಂಚಿಕೆಯ ವಸತಿ ಬೀದಿಯಲ್ಲಿ ಈ ವಿಭಜನೆ ಇರುವುದಿಲ್ಲ. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗಿನ ನೆಲವೆಲ್ಲ ಒಂದೇ, ಅದರ ಮೇಲೆ ನಡೆಯುವ ಹಕ್ಕು ಎಲ್ಲರದು. ಮನೆಯ ಅಂಗಳವನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಅಂಗಳದಲ್ಲಿ ಮಕ್ಕಳು ಆಡುತ್ತಾರೆ, ಹಿರಿಯರು ಕುರ್ಚಿ ಹಾಕಿ ಕೂರುತ್ತಾರೆ, ಅಗತ್ಯವಿದ್ದಾಗ ಅದೇ ಅಂಗಳಕ್ಕೆ ಗಾಡಿಯೂ ಬರುತ್ತದೆ. ಗಾಡಿಗೆ ಅಂಗಳದೊಳಗೆ ಪ್ರವೇಶವಿಲ್ಲವೆಂದು ಯಾರೂ ಹೇಳುವುದಿಲ್ಲ, ಆದರೆ ಗಾಡಿ ಬಂತೆಂದು ಆಟ ನಿಲ್ಲಿಸಿ ಎಲ್ಲರೂ ಓಡಬೇಕೆಂದೂ ಯಾರೂ ಹೇಳುವುದಿಲ್ಲ.

ಇದನ್ನು ಇನ್ನೆರಡು ಬಗೆಯ ಬೀದಿಗಳ ಜೊತೆ ಬೆರೆಸಬಾರದು. ಮೊದಲನೆಯದು ನಡೆಯುವವರಿಗೆ ಮಾತ್ರ ಮೀಸಲಾದ ಬೀದಿ. ಅಲ್ಲಿ ವಿಶೇಷ ಅನುಮತಿಯಿಲ್ಲದೆ ವಾಹನಗಳು ಬರುವಂತಿಲ್ಲ. ಎರಡನೆಯದು ಗಂಟೆಗೆ 30 ಕಿ.ಮೀ. ವೇಗಮಿತಿಯ ವಲಯ; ಅಲ್ಲಿ ವೇಗ ಕಡಿಮೆಯಾಗಿದೆಯೇ ಹೊರತು ಕಾಲುದಾರಿ ಮತ್ತು ವಾಹನದ ಪಾಲು ಎಂಬ ವಿಭಜನೆ ಹಾಗೆಯೇ ಇರುತ್ತದೆ, ಮಕ್ಕಳು ರಸ್ತೆಯ ನಡುವೆ ಆಡುವ ಹಕ್ಕು ಪಡೆಯುವುದಿಲ್ಲ. ಹಂಚಿಕೆಯ ಬೀದಿ ಇವೆರಡರ ನಡುವಿನದು. ವಾಹನಕ್ಕೆ ಪ್ರವೇಶವಿದೆ, ಆದರೆ ಆದ್ಯತೆ ಇಲ್ಲ.

## ಡೆಲ್ಫ್ಟ್‌ನಲ್ಲಿ ಹುಟ್ಟಿದ ‘ವೋನರ್ಫ್’

ಅಂಗಳದ ಹೋಲಿಕೆ ಕೇವಲ ಹೋಲಿಕೆಯಲ್ಲ. ಈ ಬಗೆಯ ಬೀದಿಗೆ ಹುಟ್ಟಿದ ಊರಿನಲ್ಲಿ ಸಿಕ್ಕ ಹೆಸರೇ ಅದು. 1960ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿ ಕೆಲವು ವಸತಿ ಬೀದಿಗಳನ್ನು ವಾಹನಗಳು ನೇರವಾಗಿ ನುಗ್ಗಲಾಗದಂತೆ ಮರುರೂಪಿಸಲಾಯಿತು. ನಗರದ ಎಂಜಿನಿಯರ್ ಯೋಸ್ಟ್ ವಾಲ್ ಅವರ ಹೆಸರು ಈ ಪ್ರಯೋಗದೊಂದಿಗೆ ಸೇರಿಕೊಂಡಿದೆ. ನಗರ ಯೋಜಕ ನೀಕ್ ಡೆ ಬೂರ್ ಇಂತಹ ಬೀದಿಗೆ ‘ವೋನರ್ಫ್’ ಎಂಬ ಪದವನ್ನು ಕೊಟ್ಟರು. ಡಚ್ ಭಾಷೆಯಲ್ಲಿ ‘ವೋನ್’ ಎಂದರೆ ವಾಸ, ‘ಎರ್ಫ್’ ಎಂದರೆ ಅಂಗಳ. 1976ರಲ್ಲಿ ಡಚ್ ಸರ್ಕಾರ ಇದಕ್ಕೆ ಕಾನೂನಿನ ಮಾನ್ಯತೆ ನೀಡಿ, ಅದಕ್ಕೆಂದೇ ಪ್ರತ್ಯೇಕ ಸಂಚಾರ ನಿಯಮಗಳನ್ನು ರೂಪಿಸಿತು.

ಆ ಕಾಲದ ಹಿನ್ನೆಲೆಯನ್ನು ಅರಿಯದೆ ಈ ನಿಯಮಗಳ ತೀವ್ರತೆ ಅರ್ಥವಾಗುವುದಿಲ್ಲ. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದಲ್ಲಿ ಸುಮಾರು 3,300 ಜನ ರಸ್ತೆಗಳಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಅರ್ಥದ ಹೆಸರಿನಲ್ಲಿ ತಂದೆತಾಯಿಯರ ಚಳವಳಿ ಹುಟ್ಟಿತು, ಜನ ಬೀದಿಗಳಿಗೆ ಅಡ್ಡಲಾಗಿ ಕೂತರು. ಬೀದಿ ಎಂದರೆ ಮೊದಲು ವಾಹನದ್ದು, ಉಳಿದವರು ತಪ್ಪಿಸಿಕೊಂಡು ಬದುಕಬೇಕು ಎಂಬ ನಂಬಿಕೆಯನ್ನು ಅವರು ಪ್ರಶ್ನಿಸಿದ್ದರು. ಬೇರೆ ದೇಶಗಳೂ ತಮ್ಮದೇ ರೀತಿಯಲ್ಲಿ ಅದನ್ನು ಪ್ರಶ್ನಿಸಿದವು. ಜರ್ಮನಿ 1980ರಲ್ಲಿ ಇಂತಹ ಬೀದಿಗಳಿಗೆ ಪ್ರತ್ಯೇಕ ಫಲಕ ತಂದಿತು. ಸ್ವಿಟ್ಜರ್ಲೆಂಡ್ 1996ರಿಂದ ಬುರ್ಗ್‌ಡಾರ್ಫ್ ಪಟ್ಟಣದಲ್ಲಿ ನಡೆಸಿದ ಪ್ರಯೋಗದ ಬಳಿಕ 2002ರಲ್ಲಿ ‘ಭೇಟಿಯ ವಲಯ’ ಎಂಬ ಅರ್ಥದ ವರ್ಗವನ್ನು ಸೇರಿಸಿತು. ಫ್ರಾನ್ಸ್ 2008ರಲ್ಲಿ ಅದೇ ಅರ್ಥದ ಹೆಸರಿನಲ್ಲಿ ತನ್ನ ನಿಯಮ ತಂದಿತು. ರಷ್ಯಾದಲ್ಲಿ ‘ವಸತಿ ವಲಯ’ ಎಂಬ ಫಲಕವಿದೆ, ಅಪಾರ್ಟ್‌ಮೆಂಟ್ ಕಟ್ಟಡಗಳ ನಡುವಿನ ಅಂಗಳಗಳಿಗೂ ಅದೇ ನಿಯಮ ಅನ್ವಯಿಸುತ್ತದೆ.

## ನಿಯಮದ ತಿರುಳು

ದೇಶದಿಂದ ದೇಶಕ್ಕೆ ವಿವರಗಳು ಬೇರೆಯಾದರೂ ತಿರುಳು ಒಂದೇ ಆಗಿರುವುದಕ್ಕೆ ಕಾರಣವಿದೆ. ರಸ್ತೆ ಸಂಚಾರ ಕುರಿತ 1968ರ ವಿಯೆನ್ನಾ ಒಪ್ಪಂದಕ್ಕೆ ಮುಂದೆ ಸೇರಿಸಲಾದ ಒಂದು ವಿಧಿ ವಸತಿ ಬೀದಿಗಳಿಗೆಂದೇ ಮೀಸಲಾಗಿದೆ. ಅದು ಹೇಳುವುದನ್ನು ಸರಳವಾಗಿ ಹೀಗೆ ಬಿಡಿಸಬಹುದು. ನಡೆಯುವವರು ರಸ್ತೆಯ ಪೂರ್ತಿ ಅಗಲವನ್ನು ಬಳಸಬಹುದು, ಆಟಗಳಿಗೆ ಅವಕಾಶವಿದೆ. ಚಾಲಕರು ಬಹಳ ಕಡಿಮೆ ವೇಗದಲ್ಲಿ ಸಾಗಬೇಕು, ಆಯಾ ದೇಶದ ಕಾನೂನು ನಿಗದಿಪಡಿಸಿದ ಆ ವೇಗ ಯಾವ ಸಂದರ್ಭದಲ್ಲೂ ಗಂಟೆಗೆ 20 ಕಿ.ಮೀ. ಮೀರಬಾರದು. ಚಾಲಕರು ನಡೆಯುವವರನ್ನು ಅಪಾಯಕ್ಕೆ ಒಡ್ಡಬಾರದು, ಅವರಿಗೆ ಅಡ್ಡಿಯಾಗುವಂತೆ ವರ್ತಿಸಬಾರದು, ಅಗತ್ಯವಿದ್ದರೆ ನಿಲ್ಲಬೇಕು. ನಡೆಯುವವರು ವಾಹನಗಳನ್ನು ಅನಗತ್ಯವಾಗಿ ತಡೆಯಬಾರದು. ಫಲಕ ಹಾಕಿ ಅನುಮತಿಸಿದ ಜಾಗಗಳಲ್ಲಿ ಮಾತ್ರ ವಾಹನ ನಿಲ್ಲಿಸಬೇಕು. ವಸತಿ ಬೀದಿಯಿಂದ ಹೊರಬರುವವರು ದೇಶದ ಕಾನೂನು ಬೇರೆ ಹೇಳದ ಹೊರತು ಉಳಿದವರಿಗೆ ದಾರಿ ಬಿಡಬೇಕು.

ಮೇಲ್ನೋಟಕ್ಕೆ ಇವು ಬಿಡಿಬಿಡಿ ನಿಯಮಗಳಂತೆ ಕಂಡರೂ ಎಲ್ಲವೂ ಒಂದೇ ಬೇರಿನಿಂದ ಬಂದವು: ಈ ನೆಲದಲ್ಲಿ ವಾಹನ ಅತಿಥಿ. ಮನೆಗೆ ಬಂದ ಅತಿಥಿ ಮನೆಯವರ ಓಡಾಟವನ್ನು ತಡೆಯುವುದಿಲ್ಲ, ಸಿಕ್ಕಲ್ಲೆಲ್ಲ ತನ್ನ ಸಾಮಾನು ಹರಡುವುದಿಲ್ಲ. ಮನೆಯವರೂ ಬೇಕೆಂದೇ ಅವನ ದಾರಿಗೆ ಅಡ್ಡ ನಿಲ್ಲುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ನಿಯಮಪುಸ್ತಕ ಕೈಯಲ್ಲಿ ಇಲ್ಲದಾಗಲೂ ಬಹುತೇಕ ಸಂದರ್ಭಗಳಲ್ಲಿ ಸರಿಯಾದ ನಡೆ ಯಾವುದೆಂದು ಊಹಿಸಬಹುದು.

ವ್ಯತ್ಯಾಸಗಳನ್ನೂ ಗಮನಿಸಬೇಕು. ಜರ್ಮನಿಯ ನಿಯಮ ಬೀದಿಯ ಎಲ್ಲೆಡೆ ಮಕ್ಕಳ ಆಟವನ್ನು ಅನುಮತಿಸುತ್ತದೆ. ಫ್ರಾನ್ಸಿನ ನಿಯಮ ವಾಹನದ ಹಾದಿಯಲ್ಲಿ ನಡೆಯಲು ಆದ್ಯತೆ ನೀಡುತ್ತದೆ, ಆದರೆ ಅಲ್ಲೇ ನಿಂತುಬಿಡಲು ಅನುಮತಿಸುವುದಿಲ್ಲ. ಫ್ರಾನ್ಸಿನ ವಲಯ ವಸತಿ ಬೀದಿಗಳಿಗೆ ಮಾತ್ರವಲ್ಲದೆ ಅಂಗಡಿ ಬೀದಿಗಳಿಗೂ ಬಳಕೆಯಾಗುತ್ತದೆ ಎಂಬುದು ಗಮನದಲ್ಲಿದ್ದರೆ ಈ ವ್ಯತ್ಯಾಸ ಅಸಹಜವೆನಿಸುವುದಿಲ್ಲ.

## ವೇಗ ಇಷ್ಟು ಕಡಿಮೆ ಏಕೆ

ಹೆಚ್ಚು ತಕರಾರು ಬರುವುದು ಈ ನಿಯಮದ ಬಗ್ಗೆಯೇ, ಆದ್ದರಿಂದ ಇದನ್ನು ಲೆಕ್ಕಹಾಕಿ ನೋಡುವುದು ಸೂಕ್ತ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಬೆಲ್ಜಿಯಂ ಮತ್ತು ರಷ್ಯಾದಲ್ಲಿ ಮಿತಿ ಗಂಟೆಗೆ 20 ಕಿ.ಮೀ. ನೆದರ್ಲೆಂಡ್ಸ್‌ನಲ್ಲಿ 15. ಜರ್ಮನಿಯಲ್ಲಿ ಅಂಕಿಯನ್ನೇ ಹೇಳದೆ ‘ನಡಿಗೆಯ ವೇಗ’ ಎಂದು ಬರೆಯಲಾಗಿದೆ. ಇದರಿಂದ ನ್ಯಾಯಾಲಯಗಳಲ್ಲಿ ವಾದಗಳೂ ನಡೆದಿವೆ. ಒಂದು ನ್ಯಾಯಾಲಯ ಇದನ್ನು ಗಂಟೆಗೆ 7 ಕಿ.ಮೀ. ಎಂದು ಅರ್ಥೈಸಿದರೆ ಇನ್ನೊಂದು 10 ಎಂದಿದೆ. ಮನುಷ್ಯನ ಸಾಧಾರಣ ನಡಿಗೆ ಗಂಟೆಗೆ ಸುಮಾರು 5 ಕಿ.ಮೀ.

ಒಂದು ವಾಹನ ನಿಲ್ಲಲು ಎರಡು ಹಂತಗಳು ಬೇಕು. ಅಪಾಯ ಕಣ್ಣಿಗೆ ಬಿದ್ದ ಕ್ಷಣದಿಂದ ಕಾಲು ಬ್ರೇಕ್ ಒತ್ತುವವರೆಗಿನ ಸಮಯ ಮೊದಲ ಹಂತ. ಎಚ್ಚರದಿಂದಿರುವ ಚಾಲಕರಿಗೂ ಇದಕ್ಕೆ ಸುಮಾರು ಒಂದು ಸೆಕೆಂಡ್ ಬೇಕಾಗುತ್ತದೆ, ಆ ಸೆಕೆಂಡಿನಲ್ಲಿ ವಾಹನ ಮೊದಲಿನ ವೇಗದಲ್ಲೇ ಮುಂದೆ ಹೋಗುತ್ತಿರುತ್ತದೆ. ಬ್ರೇಕ್ ಒತ್ತಿದ ಮೇಲೆ ವಾಹನ ಪೂರ್ತಿ ನಿಲ್ಲುವವರೆಗೆ ಸಾಗುವ ದೂರ ಎರಡನೆಯ ಹಂತ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇರುವ ಕಾರು ಎಂದಿಟ್ಟುಕೊಂಡರೆ ಗಂಟೆಗೆ 10 ಕಿ.ಮೀ. ವೇಗದಲ್ಲಿ ಎರಡೂ ಹಂತ ಸೇರಿ ಸುಮಾರು ಮೂರೂಕಾಲು ಮೀಟರ್, 20 ಕಿ.ಮೀ. ವೇಗದಲ್ಲಿ ಸುಮಾರು 8 ಮೀಟರ್, 30ರಲ್ಲಿ ಸುಮಾರು 13 ಮೀಟರ್, 50ರಲ್ಲಿ ಸುಮಾರು 28 ಮೀಟರ್ ಬೇಕಾಗುತ್ತದೆ.

ಈಗ ನಿಲ್ಲಿಸಿದ ಎರಡು ಕಾರುಗಳ ನಡುವಿನಿಂದ ಒಂದು ಮಗು ಚೆಂಡಿನ ಹಿಂದೆ ಓಡಿಬಂದು ನಿಮ್ಮ ವಾಹನಕ್ಕೆ 8 ಮೀಟರ್ ಮುಂದೆ ಪ್ರತ್ಯಕ್ಷವಾಯಿತು ಎಂದುಕೊಳ್ಳಿ. 20 ಕಿ.ಮೀ. ವೇಗದಲ್ಲಿ ಬರುತ್ತಿದ್ದ ಕಾರು ಮಗುವಿನ ಹತ್ತಿರ ಬಂದು ನಿಲ್ಲುತ್ತದೆ. 30 ಕಿ.ಮೀ. ವೇಗದಲ್ಲಿ ಬರುತ್ತಿದ್ದ ಕಾರು ಆ ಮೊದಲ ಒಂದು ಸೆಕೆಂಡಿನಲ್ಲೇ 8.3 ಮೀಟರ್ ಸಾಗಿರುತ್ತದೆ. ಅಂದರೆ ಚಾಲಕರ ಕಾಲು ಬ್ರೇಕ್ ಮುಟ್ಟುವ ಮೊದಲೇ, ವೇಗ ಒಂದಿಷ್ಟೂ ಇಳಿಯದೆ, ಕಾರು ಮಗುವನ್ನು ತಲುಪಿರುತ್ತದೆ. ಹತ್ತು ಕಿಲೋಮೀಟರ್‌ಗಳ ಈ ವ್ಯತ್ಯಾಸ ಸ್ಪೀಡೋಮೀಟರ್‌ನಲ್ಲಿ ಬೆರಳಗಲದಷ್ಟೂ ಇರುವುದಿಲ್ಲ. ‘ನಾನು ನಿಧಾನವಾಗಿಯೇ ಬರುತ್ತಿದ್ದೆ’ ಎಂದು ಮನಃಪೂರ್ವಕವಾಗಿ ನಂಬಿರುವ ಚಾಲಕರೂ ಈ ಲೆಕ್ಕದಲ್ಲಿ ತಪ್ಪಿಬಿಡಬಹುದು ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಕಳವಳ ಹುಟ್ಟಿಸುವ ಸಂಗತಿ.

ಡಿಕ್ಕಿಯ ಬಲವೂ ವೇಗಕ್ಕೆ ಸರಿಸಮನಾಗಿ ಏರುವುದಿಲ್ಲ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. 20ರಿಂದ 50ಕ್ಕೆ ಏರಿದರೆ ಆರು ಪಟ್ಟಿಗೂ ಮಿಕ್ಕಿ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ, 5ರಿಂದ 29 ವರ್ಷದೊಳಗಿನವರ ಸಾವಿಗೆ ಇದೇ ಮೊದಲ ಕಾರಣ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಜಾಗತಿಕ ಸಮ್ಮೇಳನ, ನಡೆಯುವವರೂ ಸೈಕಲ್ ಸವಾರರೂ ವಾಹನಗಳೊಂದಿಗೆ ಬೆರೆಯುವಲ್ಲಿ ವೇಗವನ್ನು 30 ಕಿ.ಮೀ.ಗೆ ಸೀಮಿತಗೊಳಿಸಬೇಕೆಂದು ಕರೆಕೊಟ್ಟಿತು. ಹಂಚಿಕೆಯ ಬೀದಿಯಲ್ಲಿ ಮಿತಿ ಅದಕ್ಕಿಂತಲೂ ಕೆಳಗಿರುವುದಕ್ಕೆ ಕಾರಣ, ಇಲ್ಲಿ ಮಕ್ಕಳು ರಸ್ತೆಯನ್ನು ದಾಟುವುದಷ್ಟೇ ಅಲ್ಲ, ರಸ್ತೆಯಲ್ಲೇ ಇರುತ್ತಾರೆ.

ಹೀಗೆ ನಿಧಾನಿಸುವುದರಿಂದ ಕಳೆದುಕೊಳ್ಳುವ ಸಮಯವಾದರೂ ಎಷ್ಟು? 300 ಮೀಟರ್ ಉದ್ದದ ಬೀದಿಯನ್ನು 40 ಕಿ.ಮೀ. ವೇಗದಲ್ಲಿ ದಾಟಲು 27 ಸೆಕೆಂಡ್ ಬೇಕು, 20ರಲ್ಲಿ 54 ಸೆಕೆಂಡ್. ಇಡೀ ಪ್ರಯಾಣದಲ್ಲಿ ವಸತಿ ಬೀದಿಯ ಪಾಲು ಮೊದಲ ಮತ್ತು ಕೊನೆಯ ಕೆಲವು ನೂರು ಮೀಟರ್ ಮಾತ್ರ ಆಗಿರುವುದರಿಂದ ವ್ಯತ್ಯಾಸ ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ.

ಈ ಮಿತಿ ಕಾರುಗಳಿಗೆ ಮಾತ್ರ ಎಂದು ಭಾವಿಸುವವರಿದ್ದಾರೆ. ಸೈಕಲ್, ಬೈಕ್, ವಿದ್ಯುತ್ ಸ್ಕೂಟರ್ ಎಲ್ಲವೂ ನಿಯಮದ ದೃಷ್ಟಿಯಲ್ಲಿ ವಾಹನಗಳೇ. ಸದ್ದಿಲ್ಲದ ವಾಹನಗಳ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ಐರೋಪ್ಯ ಒಕ್ಕೂಟದಲ್ಲಿ 2019ರ ಜುಲೈನಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ಗಂಟೆಗೆ 20 ಕಿ.ಮೀ.ವರೆಗಿನ ವೇಗದಲ್ಲಿಯೂ ಹಿಂದಕ್ಕೆ ಚಲಿಸುವಾಗಲೂ ಕೃತಕ ಸದ್ದು ಹೊರಡಿಸುವುದು ಕಡ್ಡಾಯವಾಗಿದೆ. ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಟೈರ್ ನೆಲಕ್ಕೆ ಉಜ್ಜುವ ಸದ್ದೇ ಕೇಳಿಸುತ್ತದೆ. ಹಂಚಿಕೆಯ ಬೀದಿಯ ವೇಗ ಸರಿಯಾಗಿ ಆ ನಿಶ್ಶಬ್ದದ ವ್ಯಾಪ್ತಿಯೊಳಗೇ ಬರುತ್ತದೆ.

## ನಡೆಯುವವರ ಹೊಣೆ ಏನು

‘ಅನಗತ್ಯವಾಗಿ ತಡೆಯಬಾರದು’ ಎಂಬ ಮಾತಿನಲ್ಲಿ ಇಡೀ ತೂಕ ‘ಅನಗತ್ಯವಾಗಿ’ ಎಂಬ ಪದದ ಮೇಲಿದೆ. ಮಕ್ಕಳು ಬೀದಿಯ ನಡುವೆ ಆಡುತ್ತಿದ್ದಾರೆ, ವಾಹನ ಬಂದಿದೆ, ಆಟ ಒಂದು ಹಂತಕ್ಕೆ ಬಂದ ಮೇಲೆ ಅವರು ಬದಿಗೆ ಸರಿದು ದಾರಿ ಮಾಡಿಕೊಡುತ್ತಾರೆ: ಅಲ್ಲಿಯವರೆಗೆ ಚಾಲಕರು ಕಾದರೆ ಅದು ನಿಯಮದ ಪ್ರಕಾರ ಸಹಜವಾದ ಕಾಯುವಿಕೆ. ನಡೆಯಲು ಕಷ್ಟಪಡುವ ಹಿರಿಯರೊಬ್ಬರು ನಡುಬೀದಿಯಲ್ಲೇ ನಿಧಾನವಾಗಿ ಸಾಗುತ್ತಿದ್ದರೆ ಅದೂ ತಡೆಯಲ್ಲ. ಆದರೆ ವಾಹನ ಹಿಂದೆ ನಿಂತಿರುವುದು ಗೊತ್ತಿದ್ದೂ, ಸರಿಯಲು ಜಾಗವಿದ್ದೂ, ನಾಲ್ವರು ಅಡ್ಡಲಾಗಿ ನಿಂತು ಮಾತು ಮುಂದುವರಿಸಿದರೆ ಅದು ಅನಗತ್ಯ ತಡೆ. ಆಂಬ್ಯುಲೆನ್ಸ್ ಅಥವಾ ಅಗ್ನಿಶಾಮಕ ವಾಹನ ಬಂದಾಗ ತಕ್ಷಣ ಸರಿಯಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಹಾರ್ನ್ ಹೊಡೆದು, ಎಂಜಿನ್ ಸದ್ದು ಏರಿಸಿ, ಬಹಳ ಹತ್ತಿರಕ್ಕೆ ಬಂದು ನಿಂತು ದಾರಿ ಕೇಳುವುದು ಚಾಲಕರ ಕಡೆಯಿಂದ ಆಗುವ ಸಾಮಾನ್ಯ ತಪ್ಪು. ನಡೆಯುವವರಿಗೆ ಅಡ್ಡಿಯಾಗುವಂತೆ ವರ್ತಿಸಬಾರದು ಎಂಬ ನಿಯಮದ ಆಶಯಕ್ಕೆ ಇದು ವಿರುದ್ಧ. ಕಣ್ಣಿನ ನೋಟ, ಕೈಸನ್ನೆ, ಕಿಟಕಿ ಇಳಿಸಿ ಆಡಿದ ಒಂದು ಮೆಲುಮಾತು ಇಂತಹ ಬೀದಿಯಲ್ಲಿ ಹಾರ್ನ್‌ಗಿಂತ ಬೇಗ ಕೆಲಸ ಮಾಡುತ್ತವೆ. ಅವು ಸಾಧ್ಯವಾಗಬೇಕಾದರೂ ವೇಗ ಕಡಿಮೆಯಿರಲೇಬೇಕು, ಏಕೆಂದರೆ ವೇಗವಾಗಿ ಬರುವ ವಾಹನದ ಗಾಜಿನ ಹಿಂದಿನ ಮುಖ ಯಾರಿಗೂ ಕಾಣಿಸುವುದಿಲ್ಲ.

## ಮಕ್ಕಳನ್ನು ದೊಡ್ಡವರಂತೆ ಎಣಿಸುವಂತಿಲ್ಲ

ಸಂಚಾರವೆಲ್ಲ ನಿಂತಿರುವುದು ಪರಸ್ಪರ ನಂಬಿಕೆಯ ಮೇಲೆ. ಎದುರಿನವರು ಕೆಂಪು ದೀಪಕ್ಕೆ ನಿಲ್ಲುತ್ತಾರೆ ಎಂದು ನಂಬಿಯೇ ನಾವು ಹಸಿರು ದೀಪಕ್ಕೆ ಹೊರಡುತ್ತೇವೆ. ಆದರೆ ಈ ನಂಬಿಕೆಗೆ ಕಾನೂನು ಒಂದು ಅಪವಾದವನ್ನು ಇಟ್ಟಿದೆ. ಜರ್ಮನಿಯ ಸಂಚಾರ ನಿಯಮ ಮಕ್ಕಳು, ನೆರವು ಬೇಕಾದವರು ಮತ್ತು ವೃದ್ಧರ ಬಗ್ಗೆ ಚಾಲಕರು ವೇಗವನ್ನು ತಗ್ಗಿಸಿ, ಬ್ರೇಕ್ ಹಾಕಲು ಸಿದ್ಧವಾಗಿದ್ದು, ಅವರಿಗೆ ಅಪಾಯವಾಗದಂತೆ ನಡೆದುಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಮಗು ನಿಯಮದಂತೆ ನಡೆದುಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ವಾಹನ ಓಡಿಸುವಂತಿಲ್ಲ ಎಂಬುದು ಇದರ ಅರ್ಥ.

ಕಾರಣ ಸರಳ. ಚಿಕ್ಕ ಮಗು ನಿಂತ ಕಾರಿನ ಮರೆಯಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಚಾಲಕರು ಮಗುವನ್ನು ಕಾಣುವುದಿಲ್ಲ, ಮಗುವಿಗೂ ಬರುತ್ತಿರುವ ವಾಹನ ಕಾಣುವುದಿಲ್ಲ. ಬರುವ ವಾಹನದ ವೇಗವನ್ನೂ ದೂರವನ್ನೂ ಒಟ್ಟಿಗೆ ಅಂದಾಜಿಸುವ ಶಕ್ತಿ ವಯಸ್ಸಿನೊಂದಿಗೆ ಮೆಲ್ಲಗೆ ಬೆಳೆಯುವಂಥದ್ದು. ಆಟದಲ್ಲಿ ಮುಳುಗಿದ ಮಗುವಿನ ಗಮನ ಚೆಂಡಿನ ಮೇಲಿರುತ್ತದೆ. ಬೀದಿಗೆ ಉರುಳಿಬಂದ ಚೆಂಡನ್ನು ಕಂಡ ಚಾಲಕರು, ಹಿಂದೆಯೇ ಒಂದು ಮಗು ಬರುತ್ತದೆಂದು ತಿಳಿದು ಆಗಲೇ ನಿಲ್ಲಬೇಕು. ವಾಹನವನ್ನು ಹಿಂದಕ್ಕೆ ತೆಗೆಯುವಾಗ ಅಪಾಯ ಇನ್ನೂ ಹೆಚ್ಚು. ಎತ್ತರದ ವಾಹನಗಳ ಹಿಂಬದಿಯಲ್ಲಿ ಕನ್ನಡಿಗೆ ಕಾಣದ ನೆಲ ಸಾಕಷ್ಟಿರುತ್ತದೆ. ಹತ್ತುವ ಮೊದಲು ವಾಹನವನ್ನು ಒಮ್ಮೆ ಸುತ್ತಿ ನೋಡಲು ಕೆಲವೇ ಸೆಕೆಂಡ್ ಸಾಕು.

## ವಾಹನ ನಿಲ್ಲಿಸುವುದು

ಗುರುತು ಮಾಡಿದ ಜಾಗದಲ್ಲಿ ಮಾತ್ರ. ಜರ್ಮನಿಯಲ್ಲಿ ಜನರನ್ನು ಹತ್ತಿಸಿ ಇಳಿಸಲು, ಸಾಮಾನು ಇಳಿಸಲು ವಿನಾಯಿತಿ ಇದೆ. ಬೀದಿಯ ಅಂಚಿನಲ್ಲಿ ಸಾಲಾಗಿ ನಿಂತ ವಾಹನಗಳು ಜಾಗವನ್ನು ಕಸಿದುಕೊಳ್ಳುವುದರ ಜೊತೆಗೆ ಮೇಲೆ ಹೇಳಿದ ಮರೆಯನ್ನೂ ಸೃಷ್ಟಿಸುತ್ತವೆ ಎಂಬುದೇ ಈ ಕಟ್ಟುನಿಟ್ಟಿಗೆ ಮುಖ್ಯ ಕಾರಣ. ರಷ್ಯಾದ ನಿಯಮ ಇನ್ನೂ ಮುಂದೆ ಹೋಗಿ ಎಂಜಿನ್ ಚಾಲೂ ಇಟ್ಟುಕೊಂಡು ನಿಲ್ಲುವುದನ್ನು, ಚಾಲನೆ ಕಲಿಸುವುದನ್ನು, ಮೂರೂವರೆ ಟನ್‌ಗಿಂತ ಭಾರದ ಲಾರಿಗಳನ್ನು ಗುರುತು ಮಾಡಿದ ಜಾಗದ ಹೊರಗೆ ನಿಲ್ಲಿಸುವುದನ್ನು ನಿಷೇಧಿಸುತ್ತದೆ.

## ಒಳದಾರಿಯಾಗಿ ಬಳಸುವವರ ಪ್ರಶ್ನೆ

ಹಂಚಿಕೆಗೆ ಒಂದು ಮಿತಿಯಿದೆ, ಅದು ವಾಹನಗಳ ಸಂಖ್ಯೆಗೆ ಸಂಬಂಧಿಸಿದ್ದು. ಗಂಟೆಗೆ ಸುಮಾರು ನೂರು ವಾಹನಗಳಿಗಿಂತ ಕಡಿಮೆ ಓಡಾಟವಿರುವಲ್ಲಿ ಜನ ಬೀದಿಯ ನಡುವೆ ಸಲೀಸಾಗಿ ನಡೆಯುತ್ತಾರೆ. ಅದಕ್ಕಿಂತ ಹೆಚ್ಚಾದಂತೆ ಅಂಚಿಗೆ ಸರಿದು, ಬೀದಿಯನ್ನು ‘ದಾಟಬೇಕಾದ ರಸ್ತೆ’ ಎಂದು ಕಾಣತೊಡಗುತ್ತಾರೆ ಎಂಬುದನ್ನು ಬ್ರಿಟನ್ನಿನ ಬೀದಿ ವಿನ್ಯಾಸದ ಮಾರ್ಗದರ್ಶಿ 2007ರಲ್ಲಿ ದಾಖಲಿಸಿದೆ. ಕಾನೂನು ಹಕ್ಕು ಕೊಟ್ಟಿದ್ದರೂ, ನಿಮಿಷಕ್ಕೆ ಎರಡು ಮೂರು ವಾಹನಗಳು ಬರತೊಡಗಿದರೆ ಯಾವ ತಾಯಿಯೂ ಮಗುವನ್ನು ಬೀದಿಗೆ ಬಿಡುವುದಿಲ್ಲ.

ನಷ್ಟ ಆಟಕ್ಕಷ್ಟೇ ಸೀಮಿತವಲ್ಲ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸ ತಜ್ಞರು 1960ರ ದಶಕದ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮೂರು ವಸತಿ ಬೀದಿಗಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನಗಳು, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000 ಓಡಾಡುತ್ತಿದ್ದವು. ವಾಹನ ಕಡಿಮೆಯಿದ್ದ ಬೀದಿಯ ನಿವಾಸಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರೆ, ಹೆಚ್ಚಿದ್ದ ಬೀದಿಯಲ್ಲಿ ಆ ಸರಾಸರಿ ಒಬ್ಬರಿಗಿಂತಲೂ ಕಡಿಮೆಯಿತ್ತು. ಎದುರು ಮನೆಯವರು ಯಾರೆಂದೇ ತಿಳಿಯದಷ್ಟು ದೂರವನ್ನು ಕೆಲವೇ ಮೀಟರ್ ಅಗಲದ ರಸ್ತೆ ಉಂಟುಮಾಡಬಲ್ಲದು.

ಈ ಕಾರಣದಿಂದ ರಷ್ಯಾದ ನಿಯಮ ವಸತಿ ವಲಯದ ಮೂಲಕ ಹಾದುಹೋಗುವುದನ್ನೇ ನಿಷೇಧಿಸುತ್ತದೆ. ಬೇರೆಡೆ ನಿಷೇಧಕ್ಕಿಂತ ವಿನ್ಯಾಸದ ಮೂಲಕ ಅದನ್ನು ಸಾಧಿಸುತ್ತಾರೆ: ಬೀದಿಯ ಒಂದು ತುದಿಯನ್ನು ವಾಹನಗಳಿಗೆ ಮುಚ್ಚಿ ನಡೆಯುವವರಿಗೂ ಸೈಕಲ್‌ಗಳಿಗೂ ಮಾತ್ರ ತೆರೆದಿಡುವುದು, ಏಕಮುಖ ಸಂಚಾರವನ್ನು ಎದುರು ಬದುರಾಗಿ ಜೋಡಿಸಿ ಒಳದಾರಿ ಹಿಡಿದವರು ಹೊರಟಲ್ಲಿಗೇ ಮರಳುವಂತೆ ಮಾಡುವುದು ಮೊದಲಾದವು.

## ಫಲಕ ನೆಟ್ಟರೆ ಸಾಲದು

ನೇರವಾದ, ಅಗಲವಾದ, ನುಣುಪಾದ ಡಾಂಬರು ರಸ್ತೆಯ ತುದಿಯಲ್ಲಿ ನೀಲಿ ಫಲಕವೊಂದನ್ನು ನೆಟ್ಟು ಜನ ನಿಧಾನಿಸುತ್ತಾರೆಂದು ನಿರೀಕ್ಷಿಸಲಾಗದು. ಚಾಲಕರ ಕಾಲು ಫಲಕಕ್ಕಿಂತ ರಸ್ತೆಯ ರೂಪಕ್ಕೆ ಹೆಚ್ಚು ವಿಧೇಯ. ಡೆಲ್ಫ್ಟ್‌ನ ಪ್ರಯೋಗದಲ್ಲಿ ಫಲಕಕ್ಕಿಂತ ಮೊದಲು ಬಂದದ್ದು ನೆಲದ ಬದಲಾವಣೆ ಎಂಬುದನ್ನು ಮರೆಯಬಾರದು. ಪ್ರವೇಶದಲ್ಲಿ ನೆಲವನ್ನು ತುಸು ಎತ್ತರಿಸಿ ‘ಬೇರೆ ಜಾಗಕ್ಕೆ ಬಂದಿದ್ದೇನೆ’ ಎಂಬ ಅರಿವು ಮೂಡಿಸುವುದು, ಡಾಂಬರಿನ ಬದಲು ಇಟ್ಟಿಗೆ ಅಥವಾ ಕಲ್ಲು ಹಾಸುವುದು, ಮರ ಮತ್ತು ಬೆಂಚುಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಟ್ಟು ವಾಹನದ ಹಾದಿಯನ್ನು ಬಳುಕಿಸುವುದು, ದೂರದವರೆಗಿನ ನೇರ ನೋಟವನ್ನು ಮುರಿಯುವುದು ಇಂತಹ ಬೀದಿಯ ಪರಿಚಿತ ಸಾಧನಗಳು. ಹಂಪ್ ಹಾಕುವಲ್ಲಿ ಅಡ್ಡಲಾಗಿ ಪೂರ್ತಿ ಹಾಕದೆ ನಡುವೆ ಚಿಕ್ಕ ದಿಬ್ಬ ಹಾಕಿದರೆ, ಚಕ್ರಗಳ ಅಂತರ ಹೆಚ್ಚಿರುವ ಅಗ್ನಿಶಾಮಕ ವಾಹನ ಅದರ ಮೇಲೆ ಹಾದುಹೋಗಬಹುದು, ಕಾರು ಮಾತ್ರ ನಿಧಾನಿಸಬೇಕಾಗುತ್ತದೆ.

ಡಚ್ ಸಂಚಾರ ಎಂಜಿನಿಯರ್ ಹಾನ್ಸ್ ಮೊಂಡರ್‌ಮನ್ (1945–2008) ಈ ಆಲೋಚನೆಯನ್ನು ಇನ್ನೂ ಮುಂದಕ್ಕೆ ಒಯ್ದು, ವಸತಿ ಬೀದಿಯಿಂದಾಚೆಗಿನ ಕೂಡುರಸ್ತೆಗಳಲ್ಲೂ ಫಲಕ, ಗೆರೆಗಳನ್ನು ತೆಗೆದುಹಾಕಿ ಜನರೇ ಪರಸ್ಪರ ನೋಡಿಕೊಂಡು ಸಾಗುವಂತೆ ಮಾಡಿದರು. ಅದು ಹಲವೆಡೆ ಮೆಚ್ಚುಗೆ ಪಡೆಯಿತಾದರೂ ಒಂದು ಗಂಭೀರ ಆಕ್ಷೇಪವನ್ನೂ ಹೊರತಂದಿತು.

## ಕಣ್ಣು ಕಾಣದವರಿಗೆ ಈ ಬೀದಿ ಹೇಗೆ

ಅಂಚುಕಲ್ಲು ಕಣ್ಣಿದ್ದವರಿಗೆ ಕಲ್ಲು ಮಾತ್ರ. ಬಿಳಿಕೋಲು ಹಿಡಿದು ನಡೆಯುವವರಿಗೆ ಅದು ದಾರಿತೋರುವ ಗೆರೆ. ನೆಲವನ್ನೆಲ್ಲ ಒಂದೇ ಮಟ್ಟಕ್ಕೆ ತಂದಾಗ ಸುರಕ್ಷಿತ ಜಾಗ ಎಲ್ಲಿ ಮುಗಿಯುತ್ತದೆ, ವಾಹನದ ಹಾದಿ ಎಲ್ಲಿ ಶುರುವಾಗುತ್ತದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಪರಸ್ಪರ ಕಣ್ಣಿನ ನೋಟದಿಂದ ಒಪ್ಪಂದಕ್ಕೆ ಬರಬೇಕೆಂಬ ಕಲ್ಪನೆಯೇ ಅವರನ್ನು ಹೊರಗಿಟ್ಟುಬಿಡುತ್ತದೆ. ಇಂತಹ ದೂರುಗಳ ಹಿನ್ನೆಲೆಯಲ್ಲಿ ಬ್ರಿಟಿಷ್ ಸರ್ಕಾರ 2018ರಲ್ಲಿ, ಒಂದೇ ಮಟ್ಟದ ನೆಲವಿರುವ ಹಂಚಿಕೆಯ ಯೋಜನೆಗಳನ್ನು ತಡೆಹಿಡಿಯುವಂತೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳನ್ನು ಕೇಳಿತು. ವಾಹನ ಓಡಾಟ ತೀರಾ ಕಡಿಮೆಯಿರುವ ಚಿಕ್ಕ ವಸತಿ ಬೀದಿಗೂ ದಟ್ಟಣೆಯ ಅಂಗಡಿ ಬೀದಿಗೂ ಒಂದೇ ಅಳತೆ ಸಲ್ಲದು ಎಂಬುದು ಈ ಚರ್ಚೆಯಿಂದ ಹೊರಬಂದ ತಿಳಿವು. ಗೋಡೆಯ ಪಕ್ಕದಲ್ಲಿ ವಾಹನ ಬಾರದ ಒಂದು ಪಟ್ಟಿಯನ್ನು ಉಳಿಸಿ, ಕೋಲಿಗೂ ಪಾದಕ್ಕೂ ತಿಳಿಯುವಂತೆ ಅದರ ಅಂಚಿಗೆ ಉಬ್ಬುಗೆರೆಯ ಕಲ್ಲುಗಳನ್ನು ಹಾಕುವುದು ಒಂದು ಪರಿಹಾರ. ವೀಲ್‌ಚೇರ್ ಬಳಸುವವರಿಗಾದರೋ ಅಂಚುಕಲ್ಲು ಇಲ್ಲದ ನೆಲವೇ ಅನುಕೂಲ, ಆದ್ದರಿಂದ ಇಬ್ಬರ ಅಗತ್ಯವನ್ನೂ ಒಟ್ಟಿಗೆ ನೋಡಿ ವಿನ್ಯಾಸ ಮಾಡಬೇಕಾಗುತ್ತದೆ.

## ಬೀದಿಯಿಂದ ಹೊರಬರುವಾಗ

ಕೊನೆಯಲ್ಲಿ ಅದೇ ನೀಲಿ ಚಿತ್ರ, ಅದರ ಮೇಲೆ ಅಡ್ಡಲಾಗಿ ಎಳೆದ ಕೆಂಪು ಗೆರೆ. ಅಲ್ಲಿಗೆ ಅಂಗಳ ಮುಗಿಯಿತು. ಮುಖ್ಯರಸ್ತೆಯನ್ನು ಸೇರುವ ಚಾಲಕರು ಅಲ್ಲಿ ಸಾಗುತ್ತಿರುವ ಎಲ್ಲರಿಗೂ, ಆ ರಸ್ತೆಯ ಕಾಲುದಾರಿಯಲ್ಲಿ ನಡೆಯುತ್ತಿರುವವರಿಗೂ ಸೇರಿ, ದಾರಿ ಬಿಟ್ಟು ಕಾಯಬೇಕು. ಬಲದಿಂದ ಬರುವವರಿಗೆ ಮೊದಲ ದಾರಿ ಎಂಬ ನಿಯಮವಿರುವ ದೇಶಗಳಲ್ಲಿ ವಸತಿ ಬೀದಿಯಿಂದ ಬಲಬದಿಯಲ್ಲಿ ಹೊರಬಂದವರು ಅದನ್ನು ನೆಚ್ಚಿಕೊಂಡು ಮುನ್ನುಗ್ಗಿದಾಗ ಡಿಕ್ಕಿಗಳು ಆಗುತ್ತವೆ. ಆ ನಿಯಮ ಸಮಾನ ರಸ್ತೆಗಳ ನಡುವಿನದು, ಅಂಗಳದಿಂದ ಹೊರಡುವವರು ಮನೆಯ ಗೇಟಿನಿಂದ ಹೊರಬರುವವರ ಲೆಕ್ಕಕ್ಕೇ ಸೇರುತ್ತಾರೆ. ನಡೆಯುವವರ ಹಕ್ಕೂ ಅದೇ ಗೆರೆಯಲ್ಲಿ ಬದಲಾಗುತ್ತದೆ. ಒಳಗೆ ಬೀದಿಯ ನಡುವೆ ಚೆಂಡಾಡುತ್ತಿದ್ದ ಮಗು ಈ ಫಲಕದ ಆಚೆ ಕಾಲುದಾರಿಯಲ್ಲೇ ನಡೆಯಬೇಕು, ದಾಟುವ ಮೊದಲು ನಿಂತು ಎರಡೂ ಕಡೆ ನೋಡಬೇಕು; ಗೆರೆ ಯಾವ ಮನೆಯ ಮುಂದೆ ಬರುತ್ತದೆ ಎಂಬುದನ್ನು ಮಕ್ಕಳನ್ನು ಕೈಹಿಡಿದು ಕರೆದೊಯ್ದು ತೋರಿಸಿದರೆ ಅವರು ಅದನ್ನು ಬೇಗ ಕಲಿಯುತ್ತಾರೆ.